ಹಳೆಯ ಛಾಯಾಚಿತ್ರಗಳನ್ನು ಓದುವ ಬಗೆ

ಇತಿಹಾಸದ ಆಕರಗಳೆಂದರೆ ಶಿಲಾಶಾಸನ, ತಾಮ್ರಪಟ, ತಾಳೆಯೋಲೆ, ಕಡತ, ಕೈಫಿಯತ್ತುಗಳೆಂದು ಎಣಿಸುವುದು ರೂಢಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಈ ಸಾಲಿಗೆ ಛಾಯಾಚಿತ್ರವೂ ಸೇರಿತು. ಶಾಸನವನ್ನು ಓದಲು ಲಿಪಿಜ್ಞಾನ ಬೇಕೆಂಬುದನ್ನು ಎಲ್ಲರೂ ಬಲ್ಲರು. ಛಾಯಾಚಿತ್ರವನ್ನಾದರೋ ಕಣ್ಣುಳ್ಳವರೆಲ್ಲ ಓದಬಲ್ಲರೆಂಬ ಭಾವನೆಯುಂಟು. ಅದು ಪೂರ್ತಿ ಸರಿಯಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಾಣ್ಣುಡಿ ಇಲ್ಲಿಗೂ ಸಲ್ಲುತ್ತದೆ. ತೆಗೆದವರಾರು, ಚಿತ್ರ ಉಳಿಸಿದ್ದೇನು, ಬಿಟ್ಟಿದ್ದೇನು, ಅದರಲ್ಲಿರುವವರಾರು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದಾಗಲೇ ಅದು ಸಾಕ್ಷಿ ನುಡಿಯುತ್ತದೆ. ಕನ್ನಡನಾಡಿನ ಹಳೆಯ ಚಿತ್ರಗಳನ್ನೇ ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಮೊದಲನೆಯದು, ತೆಗೆದವರಾರು ಎಂಬ ಪ್ರಶ್ನೆ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಪ್ರಾಚೀನ ಕಟ್ಟಡಗಳನ್ನು ಕೈಯಿಂದ ಬರೆಸುವುದಕ್ಕೆ ಬದಲಾಗಿ ಛಾಯಾಚಿತ್ರ ತೆಗೆಸುವ ಕ್ರಮವನ್ನು ಕೈಗೊಂಡಿತು. ಆ ಕಾರ್ಯಕ್ಕೆ ನೇಮಕಗೊಂಡ ಥಾಮಸ್ ಬಿಗ್ಸ್ ಮುಂಬಯಿ ಸೈನ್ಯದ ಫಿರಂಗಿ ದಳದವನು. ಅವನು ಸೈನ್ಯಕ್ಕೆ ಮರಳಿದ ಮೇಲೆ ಪಿಗೋ ಎಂಬ ವೈದ್ಯನು ಆ ಕೆಲಸವನ್ನು ಮುಂದುವರಿಸಿದನು; ಮೈಸೂರು ಸೀಮೆಯಲ್ಲಿ ನೀಲ್ ಎಂಬ ಇನ್ನೊಬ್ಬ ವೈದ್ಯನು ಚಿತ್ರಗಳನ್ನು ತೆಗೆದನು. ಐಹೊಳೆ, ಬಾದಾಮಿ, ಪಟ್ಟದಕಲ್ಲು, ಹಳೇಬೀಡುಗಳ ಗುಡಿಗಳು ಹೀಗೆ ಕಾಗದಕ್ಕಿಳಿದವು. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವು ಈ ಚಿತ್ರಗಳೊಡನೆ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಗ್ರಂಥಮಾಲೆಗೆ ಪ್ರೇಮಚಂದ ರಾಯಚಂದ ಮೊದಲಾದ ಮುಂಬಯಿಯ ವರ್ತಕರು ಧನಸಹಾಯ ಮಾಡಿದರು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದು ಹತ್ತಿಯ ಬೆಲೆ ಕುಸಿದಾಗ ಮುಂಬಯಿಯ ಅನೇಕ ವರ್ತಕರ ಐಶ್ವರ್ಯವೇ ಕರಗಿಹೋಯಿತು. ಅವರ ದಾನದಿಂದಾದ ಗ್ರಂಥಗಳು ಮಾತ್ರ ಉಳಿದವು.

ಎರಡನೆಯದು, ಉಳಿಸಿದ್ದೇನು ಎಂಬುದು. ಇದಕ್ಕೆ ಹಂಪೆಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಅಲ್ಲಿ ಚಿತ್ರಗಳನ್ನು ತೆಗೆದನು. ಮೇಣ ಹಿಡಿಸಿದ ಕಾಗದಕ್ಕೆ ಬೆಳ್ಳಿಯ ಲವಣವನ್ನು ಲೇಪಿಸಿ, ದೊಡ್ಡ ಪೆಟ್ಟಿಗೆಯಂತಹ ಕ್ಯಾಮೆರಾದಲ್ಲಿಟ್ಟು ಬೆಳಕಿಗೊಡ್ಡುವುದು ಅವನ ವಿಧಾನ. ಅವನು ತೆಗೆದ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಸ್ಪಷ್ಟವಾಗಿ ಕಾಣುತ್ತದೆ. ಇಂದು ರಥವಿದೆ, ಶಿಖರವಿಲ್ಲ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿಯೂ ಶಿಖರವಿಲ್ಲದ ರಥವೇ ಇದೆ. ಆ ಕಾಗದವೊಂದು ಉಳಿಯದಿದ್ದರೆ, ಶಿಲ್ಪಿಗಳು ರಥವನ್ನು ಮೋಟಾಗಿಯೇ ಕಟ್ಟಿದರೆಂದು ವಿದ್ಯಾರ್ಥಿಗಳು ನಂಬುವಂತಾಗುತ್ತಿತ್ತು. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕನು ಗ್ರೀನ್‌ಲಾ ನಿಂತ ಸ್ಥಳಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದನು. ಎರಡನ್ನೂ ಒತ್ತಟ್ಟಿಗಿಟ್ಟು ನೋಡಿದರೆ ಕಾಲವು ಕಳೆದದ್ದೇನೆಂಬುದು ತಿಳಿಯುತ್ತದೆ.

ಮೂರನೆಯದು, ಬಿಟ್ಟಿದ್ದೇನು ಎಂಬ ಪ್ರಶ್ನೆ. ಆ ಕಾಲದ ಕಾಗದಕ್ಕೆ ಬೆಳಕು ಹಿಡಿಯಲು ನಿಮಿಷಗಳೇ ಬೇಕಾಗುತ್ತಿದ್ದವು. ಕದಲದ ಕಲ್ಲು ಮೂಡಿತು. ನಡೆದುಹೋದ ರೈತ, ನೀರು ಹೊತ್ತ ಹೆಂಗಸು, ಬಾಲವಾಡಿಸಿದ ಎತ್ತು ಮೂಡಲಿಲ್ಲ. ಆದಕಾರಣ ಚಿತ್ರದ ಬೀದಿ ಬರಿದಾಗಿದೆಯೆಂದು ಊರೇ ಬರಿದಾಗಿತ್ತೆಂದು ತೀರ್ಮಾನಿಸಲಾಗದು.

ಇನ್ನೊಂದು ಬಗೆಯ ಬಿಡುವಿಕೆಯೂ ಉಂಟು. ಮಲಪ್ರಭೆಯ ತೀರದ ಗುಡಿಗಳು ಚಿತ್ರಗಳಲ್ಲಿ ಶಾಂತವಾಗಿ ನಿಂತಿವೆ. ಅವನ್ನು ತೆಗೆದ ಎರಡು ಮೂರು ವರ್ಷಗಳೊಳಗೆ, 1858ರಲ್ಲಿ, ನರಗುಂದ ಬಂಡೆದ್ದಿತು. ಅದರ ಅರಸನನ್ನು ಗಲ್ಲಿಗೇರಿಸಲಾಯಿತು. ಅದೇ ವರ್ಷ ಸುರಪುರದ ವೆಂಕಟಪ್ಪನಾಯಕನು ಬಂಡೆದ್ದು ಸೆರೆಯಾಗಿ ಗುಂಡೇಟಿನಿಂದ ಮಡಿದನು. 1866ರ ಗ್ರಂಥಕ್ಕೆ ಇತಿಹಾಸಭಾಗವನ್ನು ಬರೆದ ಮೆಡೋಸ್ ಟೇಲರನೇ 1853ರವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡು, ಬಾಲಕನಾಗಿದ್ದ ಆ ನಾಯಕನನ್ನು ಬೆಳೆಸಿದವನು. ನಾಯಕನು ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಟೇಲರನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಈ ಸಂಗತಿಗಳಲ್ಲಿ ಒಂದೂ ಗುಡಿಗಳ ಚಿತ್ರದಲ್ಲಿ ಕಾಣದು. ಚಿತ್ರದ ಜೊತೆಗೆ ಲಿಖಿತ ಆಕರಗಳನ್ನೂ ಓದಬೇಕೆನ್ನುವುದು ಇದಕ್ಕಾಗಿಯೇ.

ನಾಲ್ಕನೆಯ ಪ್ರಶ್ನೆ, ಚಿತ್ರದಲ್ಲಿರುವವರಾರು ಎಂಬುದು. ನಾಲ್ಕರಲ್ಲಿ ಇದೇ ಕಠಿಣವಾದುದು. ಹಳೆಯ ಗುಡಿಗಳ ಚಿತ್ರಗಳಲ್ಲಿ ಕಂಬದ ಪಕ್ಕ ಅಲ್ಲಲ್ಲಿ ಒಬ್ಬ ಮನುಷ್ಯನು ನಿಂತಿರುತ್ತಾನೆ. ಕಟ್ಟಡದ ಎತ್ತರ ತಿಳಿಯಲೆಂದು ನಿಲ್ಲಿಸಿದ ಆತನು ಅಳತೆಗೋಲಾದನೇ ಹೊರತು ವ್ಯಕ್ತಿಯಾಗಲಿಲ್ಲ. ಸೈನಿಕರ ಚಿತ್ರಗಳದೂ ಇದೇ ಪಾಡು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಭಲ್ಲೆಯ ರಾವುತರು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದರು. ಆ ಊರಿನ ಬೀದಿಯಲ್ಲಿ ಭಾರತೀಯ ರಾವುತರು ಸಾಲಾಗಿ ಸಾಗುವ ಛಾಯಾಚಿತ್ರ ಉಳಿದಿದೆ. ಊರು ಗೊತ್ತು, ಯುದ್ಧ ಗೊತ್ತು. ಕುದುರೆಯ ಮೇಲೆ ಕುಳಿತವರ ಹೆಸರುಗಳನ್ನು ಚಿತ್ರದ ಶೀರ್ಷಿಕೆ ಹೇಳುವುದಿಲ್ಲ. ಅವರವರ ಮನೆಗಳಲ್ಲಿ ಆ ಹೆಸರುಗಳು ಒಂದು ಕಾಲದಲ್ಲಿ ಎಲ್ಲರ ಬಾಯಲ್ಲಿದ್ದವು. ಬರೆದಿಡದೆ ಹೋದುದರಿಂದ ಮುಖ ಉಳಿದು ಹೆಸರು ಅಳಿಯಿತು.

ಪ್ರತಿಯೊಂದು ವಿದ್ಯಾಸಂಸ್ಥೆಯ ಗೋಡೆಯ ಮೇಲೂ ಇಂತಹ ಚಿತ್ರಗಳುಂಟು. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕುಳಿತ ಗುರುಹಿರಿಯರ ಹೆಸರು ಅಚ್ಚಾಗಿರುತ್ತದೆ. ಹಿಂದಿನ ಸಾಲಿನ ಹುಡುಗರದು, ದಾಸೋಹದ ಅಡಿಗೆಯವರದು, ಗಂಟೆ ಬಾರಿಸಿದ ಜವಾನನದು ಇರುವುದಿಲ್ಲ. ಅವರನ್ನು ಗುರುತಿಸಬಲ್ಲ ಕಣ್ಣುಗಳು ಇನ್ನೂ ಇರುವಾಗಲೇ ಆ ಹೆಸರುಗಳನ್ನು ಕೇಳಿ ಬರೆದಿಡಬೇಕು. ಉಪಾಧ್ಯಾಯರು ಇದನ್ನು ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿ ಕೊಡಬಹುದು; ಹಳೆಯ ವಿದ್ಯಾರ್ಥಿಗಳು ಮನೆಯ ಪೆಟ್ಟಿಗೆಗಳನ್ನು ತೆರೆದು ನೋಡಬಹುದು. ಚಿತ್ರದ ಬೆನ್ನಿಗೆ ಮೆತ್ತನೆಯ ಸೀಸದಕಡ್ಡಿಯಿಂದ ಹಗುರಾಗಿ ಊರು, ವರ್ಷ, ಹೆಸರುಗಳನ್ನು ಬರೆದರೆ ಸಾಕು. ವೆಚ್ಚವಿಲ್ಲದ ಈ ಅಲ್ಪಕಾರ್ಯವು ಮುಂದಿನವರ ಪಾಲಿಗೆ ಶಾಸನವಾದೀತು.