ಒಂದೇ ಶಾಲೆ, ಎರಡು ವೈಫೈ: ಏಕೆ? ಹೇಗೆ?



ಕನ್ನಡ ಟೀಚರ್‌ಗೂ ವೈಫೈಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಿಂದೆ ನಾನು ಪಾಠ ಮಾಡುತ್ತಿದ್ದ ಶಾಲೆಯೊಂದರಲ್ಲಿ ಪೋಷಕರ ಸಭೆಯ ದಿನವೇ ಎಂಟನೆಯ ತರಗತಿಗೆ ಕಂಪ್ಯೂಟರ್‌ನಲ್ಲಿ ಕನ್ನಡ ಕಿರುಪರೀಕ್ಷೆ ಇತ್ತು. ಅರ್ಧದಲ್ಲಿ ಪುಟಗಳು ತೆರೆಯುವುದೇ ನಿಂತಿತು. ಶಾಲೆಗೆಲ್ಲಾ ಒಂದೇ ವೈಫೈ, ಒಂದೇ ಪಾಸ್‌ವರ್ಡ್. ಸಭೆಗೆ ಬಂದವರೆಲ್ಲಾ ಅದರಲ್ಲೇ ಫೋಟೋ, ವಿಡಿಯೋ ಕಳಿಸುತ್ತಿದ್ದರು. ಅವರಿಗೆ ಪಾಸ್‌ವರ್ಡ್ ಹೇಳಿಕೊಟ್ಟವಳು ನಾನೇ! ಬರೆದದ್ದೆಲ್ಲಾ ಮಾಯವಾಯಿತೆಂದು ಹುಡುಗಿಯೊಬ್ಬಳು ಅತ್ತದ್ದು ಇನ್ನೂ ನೆನಪಿದೆ. ಆಮೇಲೆ ಕಂಪ್ಯೂಟರ್ ಶಿಕ್ಷಕರನ್ನು ಕೇಳಿ ಕಲಿತದ್ದೇ ಈ ಪಾಠ.

ಹಾಗೆಂದು ಅತಿಥಿಗಳಿಗೆ ಇಲ್ಲ ಎನ್ನಲಾದೀತೇ? ಊರಿನಿಂದ ಬಂದ ಅಜ್ಜಿಯ ಬಳಿ ಇಲ್ಲಿಯ ಸಿಮ್ ಇರುವುದಿಲ್ಲ. ಮೊಮ್ಮಗಳ ನೃತ್ಯದ ಫೋಟೋ ಊರಿಗೆ ಕಳಿಸುವ ಆಸೆ ಇರುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಬಂದವರಿಗೆ ಪಡಸಾಲೆಯಲ್ಲಿ ಚಾಪೆ ಹಾಸುತ್ತಿದ್ದರು. ಒಳಕೋಣೆಯ ಬೀಗದ ಕೈ ಕೊಡುತ್ತಿರಲಿಲ್ಲ. ಅದರಲ್ಲಿ ಅವಮಾನವೇನೂ ಇರಲಿಲ್ಲ.

ಬೇರ್ಪಡಿಸುವುದು ಹೇಗೆ?

1. ಎರಡು ಹೆಸರು: ಗೋಡೆಯ ಮೇಲಿನ ಒಂದೇ ವೈಫೈ ಪೆಟ್ಟಿಗೆ ‘ವಿದ್ಯಾರ್ಥಿ’, ‘ಅತಿಥಿ’ ಎಂಬ ಎರಡು ಹೆಸರುಗಳನ್ನು ಪ್ರಸಾರ ಮಾಡಬಲ್ಲದು. ಆದರೆ ಹೆಸರು ಎರಡಾದ ಮಾತ್ರಕ್ಕೆ ದಾರಿ ಎರಡಾಗುವುದಿಲ್ಲ.

2. ಎರಡು ದಾರಿ: ಇದಕ್ಕೆ ವಿಎಲ್‌ಎಎನ್ ಎಂಬ ವ್ಯವಸ್ಥೆ ಇದೆ. 1998ರಲ್ಲಿ ಬಂದ 802.1ಕ್ಯೂ ಎಂಬ ಮಾನದಂಡದಂತೆ ಪ್ರತಿ ಮಾಹಿತಿ ಪೊಟ್ಟಣಕ್ಕೆ 4 ಬೈಟ್‌ಗಳ ಚೀಟಿ ಅಂಟಿಸಲಾಗುತ್ತದೆ. ಅದರಲ್ಲಿ 12 ಬಿಟ್‌ಗಳು ದಾರಿಯ ಸಂಖ್ಯೆಗೆ ಮೀಸಲು. ವಿದ್ಯಾರ್ಥಿಗೆ 10, ಅತಿಥಿಗೆ 20 ಎಂದಿಟ್ಟುಕೊಳ್ಳಿ. ತಂತಿ ಒಂದೇ ಆದರೂ ಸ್ವಿಚ್ ಚೀಟಿ ನೋಡಿ ಬೇರೆ ಬೇರೆ ಸಾಗಿಸುತ್ತದೆ.

3. ಕಾವಲುಗಾರ: ಎರಡು ದಾರಿಗಳು ಸೇರುವಲ್ಲಿ ಫೈರ್‌ವಾಲ್ ಇರಬೇಕು. ‘20ರಿಂದ ಇಂಟರ್‌ನೆಟ್‌ಗೆ ಹೋಗಬಹುದು, 10ಕ್ಕೆ, ಅಂಕಪಟ್ಟಿಯ ಕಂಪ್ಯೂಟರಿಗೆ, ಪ್ರಿಂಟರಿಗೆ ಹೋಗಬಾರದು’ ಎಂಬ ನಿಯಮವನ್ನು ಅದಕ್ಕೆ ಹೇಳಿಕೊಡಬೇಕು. ಅತಿಥಿಯ ಫೋನ್ ಇನ್ನೊಬ್ಬ ಅತಿಥಿಯ ಫೋನನ್ನು ಮುಟ್ಟದಂತೆ ವೈಫೈ ಪೆಟ್ಟಿಗೆಯಲ್ಲೇ ತಡೆಯಬೇಕು.

4. ವಿಳಾಸ: ಪ್ರತಿ ಫೋನಿಗೂ ಒಂದು ಐಪಿ ವಿಳಾಸ ಬೇಕು. ಸಾಮಾನ್ಯವಾಗಿ ಚಿಕ್ಕ ಜಾಲದಲ್ಲಿ 254 ವಿಳಾಸಗಳಿರುತ್ತವೆ. ವಾರ್ಷಿಕೋತ್ಸವಕ್ಕೆ 400 ಫೋನುಗಳು ಬಂದರೆ ಸಾಲದು. ಅತಿಥಿ ಜಾಲವನ್ನು 1022 ವಿಳಾಸಗಳಿಗೆ ಹಿಗ್ಗಿಸಬಹುದು. ಹೋದವರ ವಿಳಾಸ ಬೇಗ ಮರಳುವಂತೆ ಅವಧಿಯನ್ನು ಒಂದು ಗಂಟೆಗೆ ಇಳಿಸಬಹುದು.

5. ಗಾಳಿ: ತಂತಿಯಲ್ಲಿ ದಾರಿ ಎರಡಾದರೂ ಗಾಳಿಯಲ್ಲಿ ಒಂದೇ ಚಾನೆಲ್ ಅನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಆದ್ದರಿಂದ ಅತಿಥಿಗಳ ವೇಗಕ್ಕೆ ಮಿತಿ ಇರಬೇಕು. ಪರೀಕ್ಷೆಯ ಕೋಣೆಗೆ ತಂತಿಯ ಸಂಪರ್ಕವಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಕಿವಿಮಾತು, ವಿದ್ಯಾರ್ಥಿಗಳೇ. ಆಟದ ತಾಣಗಳಿಗೆ ‘ವಿದ್ಯಾರ್ಥಿ’ಯಲ್ಲಿ ತಡೆ ಇದೆ, ‘ಅತಿಥಿ’ಯಲ್ಲಿಲ್ಲ ಎಂದರೆ ನೀವು ಅತಿಥಿಗಳಾಗಿಬಿಡುತ್ತೀರಿ, ನನಗೆ ಗೊತ್ತು! ಅದಕ್ಕೇ ಎರಡರಲ್ಲೂ ತಡೆ ಇರಬೇಕು. ಅತಿಥಿ ಪಾಸ್‌ವರ್ಡ್ ದಿನದ ಕೊನೆಗೆ ಬದಲಾಗಬೇಕು. ವಿದ್ಯಾರ್ಥಿಗಳಿಗೆ ಪ್ರತ್ಯೇಕ ಹೆಸರು, ಪ್ರತ್ಯೇಕ ಪಾಸ್‌ವರ್ಡ್ ಇದ್ದರೆ ಒಬ್ಬರದು ಸೋರಿದರೂ ಅದೊಂದನ್ನೇ ಬದಲಿಸಿದರೆ ಸಾಕು.

ಪೋಷಕರೇ, ನಿಮ್ಮ ಮನೆಯ ರೌಟರ್‌ನಲ್ಲೂ ಅತಿಥಿ ಜಾಲದ ಸೌಲಭ್ಯ ಇದ್ದೀತು, ನೋಡಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಪಾಲಿಗೆ ನಿಜವಾಗದಿರಲಿ.

ಅಭ್ಯಾಸ

1. ಎರಡು ಹೆಸರುಗಳಿದ್ದು ವಿಎಲ್‌ಎಎನ್ ಇಲ್ಲದಿದ್ದರೆ ಏನಾಗುತ್ತದೆ?
2. 12 ಬಿಟ್‌ಗಳಿಂದ ಒಟ್ಟು ಎಷ್ಟು ಸಂಖ್ಯೆಗಳನ್ನು ಬರೆಯಬಹುದು? (ಸುಳಿವು: 2ನ್ನು 12 ಬಾರಿ ಗುಣಿಸಿ. ಮೊದಲನೆಯದನ್ನೂ ಕೊನೆಯದನ್ನೂ ದಾರಿಗೆ ಬಳಸುವುದಿಲ್ಲ.)
3. ಗೆಳೆಯ ನಿಮ್ಮ ಪಾಸ್‌ವರ್ಡ್ ಕೇಳಿದರೆ ಬೇಸರವಾಗದಂತೆ ಇಲ್ಲ ಎನ್ನುವುದು ಹೇಗೆ? ಐದು ವಾಕ್ಯಗಳ ಸಂಭಾಷಣೆ ಬರೆಯಿರಿ.