ಬಿದಿರಿನ ಕೊಳಲು ಮತ್ತು ಗುರುಪರಂಪರೆ: ಕೊರಿಯಾದ ದೇಗಮ್ ಸಾಂಜೊ

ಕೊರಿಯಾ ದೇಶದ ಸಂಗೀತದಲ್ಲಿ ಸಾಂಜೊ ಎಂಬುದು ಏಕವಾದನದ ಒಂದು ವಿಶಿಷ್ಟ ಪ್ರಕಾರ. ಆ ಪದಕ್ಕೆ ‘ಚೆದುರಿದ ಸ್ವರಗಳು’ ಎಂದು ಅರ್ಥ. ಹೆಸರು ಹಾಗಿದ್ದರೂ ರಚನೆ ಮಾತ್ರ ಸುವ್ಯವಸ್ಥಿತವಾದುದು. 19ನೆಯ ಶತಮಾನದ ಕೊನೆಯಲ್ಲಿ ನೈಋತ್ಯದ ಜೊಲ್ಲಾ ಪ್ರಾಂತದಲ್ಲಿ ಗಯಾಗಮ್ ಎಂಬ ತಂತಿವಾದ್ಯದ ಮೇಲೆ ಮೊದಲು ರೂಪುಗೊಂಡ ಈ ಪ್ರಕಾರವನ್ನು, ಜಿಂದೊ ದ್ವೀಪದ ಪಾಕ್ ಚೊಂಗ್‌ಗಿ ಎಂಬ ಕಲಾವಿದರು ಮುಂದೆ ದೇಗಮ್ ಎಂಬ ಅಡ್ಡಕೊಳಲಿಗೆ ಅಳವಡಿಸಿದರು.

ದೇಗಮ್ ಕೊಳಲಿಗೆ ಶ್ರೇಷ್ಠವೆನಿಸಿದ ಬಿದಿರು ನೇರವಾಗಿ, ನುಣುಪಾಗಿ ಬೆಳೆದುದಲ್ಲ. ಎರಡೂ ಪಕ್ಕಗಳಲ್ಲಿ ಉದ್ದಕ್ಕೂ ತಗ್ಗುಗೆರೆ ಬಿದ್ದ, ಅಸಹಜವಾಗಿ ದಪ್ಪಗಟ್ಟಿದ ಅಪರೂಪದ ಬಿದಿರು ಅದು. ಊದುವ ರಂಧ್ರಕ್ಕೂ ಬೆರಳಿಡುವ ಆರು ರಂಧ್ರಗಳಿಗೂ ನಡುವೆ ಇನ್ನೊಂದು ರಂಧ್ರವುಂಟು. ಜೊಂಡುಹುಲ್ಲಿನ ದಂಟಿನೊಳಗಿನ ತೆಳುಪೊರೆಯನ್ನು ಅದಕ್ಕೆ ಅಂಟಿಸುತ್ತಾರೆ. ಬಲವಾಗಿ ಊದಿದಾಗ ಆ ಪೊರೆ ಝೇಂಕರಿಸುತ್ತದೆ. ನಡುಗುವ ಆ ಧ್ವನಿಯೇ ವಾದ್ಯದ ಜೀವ. ಆಸ್ಥಾನ ಸಂಗೀತದ ಕೊಳಲಿಗಿಂತ ಸಾಂಜೊ ಕೊಳಲು ಗಿಡ್ಡವಾದುದು.

ವಾದನವು ಚಿನ್‌ಯಾಂಗ್ ಎಂಬ ಅತಿ ವಿಳಂಬದ ಗತಿಯಿಂದ ಆರಂಭವಾಗಿ, ಚುಂಗ್‌ಮೊರಿ, ಚುಂಗ್‌ಚುಂಗ್‌ಮೊರಿಗಳನ್ನು ದಾಟಿ, ಚಾಜಿನ್‌ಮೊರಿಯ ದ್ರುತಗತಿಯನ್ನು ಮುಟ್ಟುತ್ತದೆ. ನಮ್ಮ ವಿಳಂಬ, ಮಧ್ಯ, ದ್ರುತಗಳನ್ನು ಬಲ್ಲವರಿಗೆ ಈ ಏರಿಕೆ ಅಪರಿಚಿತವೆನಿಸದು. ಏಕವಾದನವೆಂದರೂ ಚಾಂಗ್ಗು ಎಂಬ ಮದ್ದಳೆ ಜೊತೆಗಿರುತ್ತದೆ. ಅದನ್ನು ಬಾರಿಸುವವನು ನಡುನಡುವೆ ಉದ್ಗಾರದಿಂದ ಕೊಳಲುಗಾರನನ್ನು ಹುರಿದುಂಬಿಸುತ್ತಾನೆ.

ಈ ವಿದ್ಯೆ ಹಬ್ಬಿದುದು ಬಾಯಿಂದ ಕಿವಿಗೆ. ಪಾಕ್ ಚೊಂಗ್‌ಗಿಯವರಿಂದ ಹಾನ್ ಚು-ಹ್ವಾನ್, ಅವರಿಂದ ಯೀ ಸೇಂಗ್‌ಗಾಂಗ್, ಹೀಗೆ ಗುರುಶಿಷ್ಯರ ಸಾಲು ಮುಂದುವರಿಯಿತು. 1910ರಿಂದ 1945ರವರೆಗಿನ ಜಪಾನೀ ಆಳ್ವಿಕೆ, 1950ರಿಂದ 1953ರವರೆಗಿನ ಯುದ್ಧ, ಇವೆರಡನ್ನೂ ದಾಟಿ ಈ ಪರಂಪರೆ ಉಳಿಯಿತು. 1971ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ಇದನ್ನು ರಕ್ಷಣೀಯ ಸಾಂಸ್ಕೃತಿಕ ಸಂಪತ್ತೆಂದು ಘೋಷಿಸಿ, ಕಾಂಗ್ ಬೇಕ್-ಚೊನ್ ಅವರನ್ನು ಅದರ ಧಾರಕರೆಂದು ಮನ್ನಿಸಿತು.

ಆದರೆ ರಕ್ಷಣೆಯೊಡನೆ ಒಂದು ಪ್ರಶ್ನೆಯೂ ಹುಟ್ಟಿತು. ಮೊದಲಿನವರು ನುಡಿಸುತ್ತ ನುಡಿಸುತ್ತ ಹೊಸ ಸ್ವರಗಳನ್ನು ಕಟ್ಟುತ್ತಿದ್ದರು. ಈಗ ಒಬ್ಬೊಬ್ಬ ಗುರುವಿನ ಪಾಠ ‘ರ್ಯು’ ಎಂಬ ಹೆಸರಿನ ಸ್ಥಿರಶೈಲಿಯಾಗಿ ನಿಂತಿದೆ. ಅದನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸುವುದೇ ಅನೇಕ ಶಿಷ್ಯರ ಗುರಿಯಾಗಿದೆ. ಗುರುವಿನ ಪಾಠವನ್ನು ಕಾಪಾಡದಿದ್ದರೆ ವಿದ್ಯೆ ಅಳಿಯುತ್ತದೆ. ಬರಿದೆ ಒಪ್ಪಿಸಿದರೆ ಅದರ ಉಸಿರು ನಿಲ್ಲುತ್ತದೆ. ಪಾಠವನ್ನು ಪೂರ್ಣವಾಗಿ ಅರಗಿಸಿಕೊಂಡು, ಅನಂತರ ತನ್ನ ಉಸಿರನ್ನು ಅದಕ್ಕೆ ಸೇರಿಸಿದವನೇ ಅಲ್ಲಿ ಹೊಸ ಶೈಲಿಯ ಪ್ರವರ್ತಕನೆನಿಸಿಕೊಂಡಿದ್ದಾನೆ. ಕಲಿಸುವ ವೃತ್ತಿಯಲ್ಲಿರುವ ನಾವೆಲ್ಲರೂ ಮನನ ಮಾಡಬೇಕಾದ ಮಾತಿದು.