ಕರೆಂಟು ಹೋದಾಗ ತಡವರಿಸುವ ಪರದೆ

ಕೊಟ್ಟಾರದಲ್ಲಿ ಮಳೆ ಜೋರಾಗಿ ಕರೆಂಟು ಹೋಯಿತೆಂದರೆ, ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪ್ ಬ್ಯಾಟರಿಗೆ ಬೀಳುತ್ತದೆ. ಆಗ, 144 ಹರ್ಟ್ಸ್ ಪರದೆಯಿದ್ದರೂ ಬ್ರೌಸರಿನಲ್ಲಿ ಪುಟ ಸರಿಸಿದರೆ ತಡವರಿಸುತ್ತದಾ? ಗಡಿಬಿಡಿಯಲ್ಲಿ ಅಂಗಡಿಗೆ ಒಯ್ಯಬೇಡಿ ಮಾರಾಯ್ರೇ. ಚಾರ್ಜ್ ಶೇ 20ಕ್ಕೆ ಇಳಿದಾಗ ಕ್ರೋಮ್‌ನ ಎನರ್ಜಿ ಸೇವರ್ ತಾನಾಗಿ ಚಾಲೂ ಆಗಿ ಚಿತ್ರದ ವೇಗ ತಗ್ಗಿಸುತ್ತದೆ. ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಅದನ್ನು ಆಫ್ ಮಾಡಬಹುದು. ಆದರೆ ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದ ದಿನ ಹಾಗೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಚಾರ್ಜರ್ ಹಾಕಿದ ಮೇಲೂ ಹಾಗೇ ಇದ್ದರೆ ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ನೋಡಿ. ಎಷ್ಟೋ ಹೊಸ ಮಾನಿಟರ್‌ಗಳು ಅಲ್ಲಿ 60 ಹರ್ಟ್ಸ್‌ನಲ್ಲೇ ಕೂತಿರುತ್ತವೆ. 60ರಲ್ಲಿ ಒಂದೊಂದು ಚಿತ್ರ 16.7 ಮಿಲಿಸೆಕೆಂಡು ನಿಲ್ಲುತ್ತದೆ, 144ರಲ್ಲಿ 6.9 ಮಾತ್ರ. ಕಣ್ಣಿಗೆ ಈ ವ್ಯತ್ಯಾಸ ತಿಳಿಯುತ್ತದೆ. ಹೊರಗಿನ ಮಾನಿಟರ್ ಜೋಡಿಸಿದ್ದರೆ ಕೇಬಲ್ಲೂ ಮುಖ್ಯ, ಸಾಧ್ಯವಾದರೆ ಡಿಸ್‌ಪ್ಲೇಪೋರ್ಟ್ ಬಳಸಿ. ಬೇರೆ ಬೇರೆ ವೇಗದ ಎರಡು ಪರದೆಗಳಿದ್ದರೆ ಒಂದನ್ನು ತೆಗೆದು ಪರೀಕ್ಷಿಸಿ. ಬ್ರೌಸರಿನ ಗ್ರಾಫಿಕ್ಸ್ ಆಕ್ಸಿಲರೇಶನ್ ಆಫ್ ಆಗಿದೆಯೇ ಎಂದೂ ನೋಡಿ.

ಪರೀಕ್ಷೆಗೆ ವಿಡಿಯೋ ಹಾಕಬೇಡಿ. ಸೆಕೆಂಡಿಗೆ 30 ಚಿತ್ರಗಳ ವಿಡಿಯೋ ಯಾವ ಪರದೆಯಲ್ಲೂ 30 ಚಿತ್ರಗಳದ್ದೇ. ಉದ್ದನೆಯ ಪುಟವೊಂದನ್ನು ತೆರೆದು ನಿಧಾನವಾಗಿ ಸರಿಸಿ, ಅಕ್ಷರಗಳನ್ನು ಗಮನಿಸಿ.